ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ: ನೋಡುವುದು, ಎಣಿಸುವುದು, ಲೆಕ್ಕ ಹಾಕುವುದು

ಪ್ರೋಫೇಸ್, ಮೆಟಾಫೇಸ್, ಅನಾಫೇಸ್, ಟೆಲೋಫೇಸ್ ಎಂಬ, ಕೋಶ ವಿಭಜನೆಯ ನಾಲ್ಕು ಹಂತಗಳ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ ವಿದ್ಯಾರ್ಥಿಗಳು ನಮ್ಮ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನೇ ಕರೆದು, ಅನಾಫೇಸ್‌ನಲ್ಲಿರುವ ಒಂದು ಈರುಳ್ಳಿ ಕೋಶದಲ್ಲಿ ಎಷ್ಟು ವರ್ಣತಂತುಗಳು, ಅಂದರೆ ಡಿಎನ್‌ಎ ಹೊತ್ತ ಎಳೆಗಳು, ಇರುತ್ತವೆ ಎಂದು ಕೇಳಿದರೆ, ಹದಿನಾರೋ ಮೂವತ್ತೆರಡೋ ಎಂದು ತಡವರಿಸುತ್ತಾರೆ. ಇದಕ್ಕೆ ವಿದ್ಯಾರ್ಥಿಗಳನ್ನು ದೂರುವುದು ಸರಿಯಲ್ಲ. ಪುಸ್ತಕದಲ್ಲಿ ಒಂದೇ ಕೋಶವು ಎಡದಿಂದ ಬಲಕ್ಕೆ ಹಂತ ಹಂತವಾಗಿ ಬದಲಾಗುವಂತೆ ಚಿತ್ರ ಬಿಡಿಸಿರುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಅಂಥ ಮೆರವಣಿಗೆ ಎಲ್ಲಿಯೂ ಕಾಣುವುದಿಲ್ಲ. ಅಲ್ಲಿರುವುದು ನೂರಾರು ಕೋಶಗಳು, ಒಂದೊಂದೂ ತಾನಿದ್ದ ಹಂತದಲ್ಲಿಯೇ ನಿಂತುಹೋದವು. ಅವುಗಳನ್ನು ಎಣಿಸಿ, ಅವುಗಳಿಂದಲೇ ಕಾಲದ ಲೆಕ್ಕವನ್ನು ಕಟ್ಟಿಕೊಂಡ ವಿದ್ಯಾರ್ಥಿಗೆ ಕೋಶ ಚಕ್ರದ (ಒಂದು ವಿಭಜನೆಯಿಂದ ಮುಂದಿನ ವಿಭಜನೆಯವರೆಗಿನ ಅವಧಿಯ) ಅಧ್ಯಾಯವನ್ನು ಮತ್ತೆ ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ ಎಂಬುದು ನನ್ನ ಅನುಭವ. ಪ್ರಥಮ ಪಿಯುಸಿ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟು ಬರೆದಿರುವ ಈ ಮಾರ್ಗದರ್ಶಿಯನ್ನು, ಶಿಕ್ಷಕರು ಜೊತೆಯಲ್ಲಿದ್ದರೆ ಪ್ರೌಢಶಾಲೆಯ ಮಕ್ಕಳೂ ಅನುಸರಿಸಬಹುದು.

ಗಡ್ಡೆಯ ಆಯ್ಕೆ

ಈರುಳ್ಳಿ ಬೆಳೆಯುವುದರಲ್ಲಿ ರಾಜ್ಯದ ಮುಂಚೂಣಿಯಲ್ಲಿರುವ ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಚಳ್ಳಕೆರೆ, ಹಿರಿಯೂರು, ಜಗಳೂರು ಸೀಮೆಯ ವಿದ್ಯಾರ್ಥಿಗೆ ಈ ಪ್ರಯೋಗದ ಮುಖ್ಯ ಸಾಮಗ್ರಿ ಮನೆಯ ಅಟ್ಟದಲ್ಲಿಯೇ ಸಿಗುತ್ತದೆ. ಆದರೆ ಸಿಕ್ಕಿದ ಗಡ್ಡೆಯೆಲ್ಲ ಬೇರು ಬಿಡುವುದಿಲ್ಲ. ಮುಂಗಾರಿನ ಬೆಳೆ ಕಿತ್ತ ಹೊಸತರಲ್ಲಿ ಗಡ್ಡೆಯು ಸುಪ್ತಾವಸ್ಥೆಯಲ್ಲಿರುತ್ತದೆ. ನೀರಿಗಿಟ್ಟರೂ ಸುಮ್ಮನೆ ಕುಳಿತಿರುತ್ತದೆ. ಒಂದು ವರ್ಷ ನಾನು ಹೊಲದಿಂದ ಆಗತಾನೇ ಬಂದ, ನೋಡಲು ಬಲು ಚೆಂದವಾಗಿದ್ದ ಗಡ್ಡೆಗಳನ್ನೇ ಆರಿಸಿ ಇಪ್ಪತ್ತು ಲೋಟಗಳ ಮೇಲೆ ಕೂರಿಸಿದೆ. ವಾರ ಕಳೆದರೂ ಬೇರು ಬಂದದ್ದು ಮೂರಕ್ಕೆ ಮಾತ್ರ. ಆದ್ದರಿಂದ ಒಂದೆರಡು ತಿಂಗಳು ಇಟ್ಟು ಹಳತಾದ, ಗಟ್ಟಿಯಾದ, ಬುಡ ಕೊಳೆಯದ, ಸಾಧ್ಯವಾದರೆ ನೆತ್ತಿಯಲ್ಲಿ ಹಸಿರು ಮೊಳಕೆ ಇಣುಕುತ್ತಿರುವ ಮಧ್ಯಮ ಗಾತ್ರದ ಗಡ್ಡೆಯನ್ನು ತೆಗೆದುಕೊಳ್ಳಬೇಕು. ಅಡುಗೆಗೆ ಬೇಡವೆಂದು ಪಕ್ಕಕ್ಕಿಟ್ಟ ಮೊಳಕೆಯ ಈರುಳ್ಳಿಯೇ ಇಲ್ಲಿ ಶ್ರೇಷ್ಠ.

ಗಡ್ಡೆಯ ಬುಡದಲ್ಲಿರುವ ಒಣ ಬೇರುಗಳನ್ನು ಬ್ಲೇಡಿನಿಂದ ಹೆರೆದು ತೆಗೆಯಬೇಕು. ಬುಡದ ಬಿಲ್ಲೆಯಂಥ ಭಾಗಕ್ಕೆ ಗಾಯವಾಗಬಾರದು, ಏಕೆಂದರೆ ಹೊಸ ಬೇರುಗಳು ಹುಟ್ಟುವುದು ಅಲ್ಲಿಂದಲೇ. ಬಾಯಿ ಕಿರಿದಾದ ಗಾಜಿನ ಲೋಟದ ತುಂಬ ನೀರು ತುಂಬಿ, ಬುಡ ಮಾತ್ರ ನೀರಿಗೆ ತಾಗುವಂತೆ ಗಡ್ಡೆಯನ್ನು ಕೂರಿಸಬೇಕು. ಗಡ್ಡೆಯೇ ಮುಳುಗಿದರೆ ಕೊಳೆಯುತ್ತದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆಯಿದ್ದರೆ ಅದನ್ನು ಒಂದು ರಾತ್ರಿ ಅಗಲ ಪಾತ್ರೆಯಲ್ಲಿ ತೆರೆದಿಟ್ಟು ಬಳಸುವುದು ಒಳ್ಳೆಯದು. ನಮ್ಮ ಕೊಳವೆಬಾವಿಗಳ ಗಡಸು ನೀರಿಗಿಂತ ಮಳೆ ನೀರು ಅಥವಾ ಶುದ್ಧ ಕುಡಿಯುವ ನೀರಿನ ಘಟಕದ ನೀರು ಮೇಲು. ನೀರನ್ನು ದಿನಕ್ಕೊಮ್ಮೆ ಬದಲಾಯಿಸಬೇಕು. ಮೂರರಿಂದ ಆರು ದಿನಗಳಲ್ಲಿ ಎರಡು ಮೂರು ಸೆಂಟಿಮೀಟರ್ ಉದ್ದದ ಬಿಳಿ ಬೇರುಗಳು ಇಳಿಯುತ್ತವೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಹಾಕಲೇಬೇಕಾದರೆ ಲೋಟಗಳನ್ನು ನೀರಿನ ಮಣ್ಣಿನ ಮಡಕೆಯ ಪಕ್ಕದಲ್ಲಿ, ತಂಪಾದ ಮೂಲೆಯಲ್ಲಿ ಇಡಬೇಕು.

ಬೇರಿನ ತುದಿಯೇ ಏಕೆ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಗಿಡದ ಎಲ್ಲ ಕೋಶಗಳೂ ವಿಭಜನೆಯಾಗುವುದಿಲ್ಲ. ಬೇರಿನ ಟೋಪಿಯ ಹಿಂದೆಯೇ, ತುದಿಯಿಂದ ಒಂದೆರಡು ಮಿಲಿಮೀಟರ್ ಒಳಗೆ ಇರುವ ವರ್ಧನ ಅಂಗಾಂಶದಲ್ಲಿ ವಿಭಜನೆ ನಿರಂತರವಾಗಿ ನಡೆಯುತ್ತದೆ; ಅದರಿಂದ ಮೇಲೆ ಹೋದಂತೆ ಕೋಶಗಳು ಉದ್ದವಾಗುತ್ತವೆಯೇ ಹೊರತು ಹೆಚ್ಚಾಗುವುದಿಲ್ಲ. ಜೊತೆಗೆ ಈರುಳ್ಳಿಯ ವರ್ಣತಂತುಗಳು ದೊಡ್ಡವು, ಸಂಖ್ಯೆಯೂ ಹದಿನಾರೇ. ಮೆಕ್ಕೆಜೋಳದಲ್ಲಿ ಇಪ್ಪತ್ತು, ಮನುಷ್ಯನಲ್ಲಿ ನಲವತ್ತಾರು.

ಬೇರನ್ನು ಕತ್ತರಿಸಿ ನಿಲ್ಲಿಸುವುದು

ಬೇರನ್ನು ಬೆಳಿಗ್ಗೆ ಎಂಟರಿಂದ ಹತ್ತು ಗಂಟೆಯೊಳಗೆ ಕತ್ತರಿಸುವುದು ಪ್ರಯೋಗಾಲಯಗಳ ರೂಢಿ. ವಿಭಜನೆಯಲ್ಲಿರುವ ಕೋಶಗಳು ಆ ಹೊತ್ತಿನಲ್ಲಿ ಹೆಚ್ಚಾಗಿ ಸಿಗುತ್ತವೆ. ಕತ್ತರಿಸಿದ ಬೇರುಗಳನ್ನು ತಡಮಾಡದೆ ಸ್ಥಿರೀಕರಣ ದ್ರಾವಣಕ್ಕೆ ಹಾಕಬೇಕು. ಮೂರು ಭಾಗ ಈಥೈಲ್ ಆಲ್ಕೋಹಾಲ್‌ಗೆ ಒಂದು ಭಾಗ ಗ್ಲೇಶಿಯಲ್ ಅಸಿಟಿಕ್ ಆಮ್ಲವನ್ನು ಬೆರೆಸಿದರೆ ಈ ದ್ರಾವಣ ಸಿದ್ಧವಾಗುತ್ತದೆ; ಇದನ್ನು ಆಯಾ ದಿನವೇ ತಯಾರಿಸಿಕೊಳ್ಳಬೇಕು. ಇದು ಕೋಶವನ್ನು ಕ್ಷಣದಲ್ಲಿ ಕೊಂದು, ವರ್ಣತಂತುಗಳನ್ನು ಇದ್ದ ಜಾಗದಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಕತ್ತರಿಸಿದ ಬೇರನ್ನು ಮೇಜಿನ ಮೇಲಿಟ್ಟು ಮಾತಿಗೆ ಕುಳಿತರೆ ಕೋಶಗಳು ಒಣಗಿ ಸುಕ್ಕಾಗುತ್ತವೆ, ಮುಂದಿನ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಇಪ್ಪತ್ತನಾಲ್ಕು ಗಂಟೆಗಳ ನಂತರ ಬೇರುಗಳನ್ನು ಶೇಕಡ 70ರ ಆಲ್ಕೋಹಾಲ್‌ಗೆ ವರ್ಗಾಯಿಸಿ ಮುಚ್ಚಳ ಬಿಗಿದಿಟ್ಟರೆ ವಾರಗಟ್ಟಲೆ ಉಳಿಯುತ್ತವೆ. ಗ್ಲೇಶಿಯಲ್ ಅಸಿಟಿಕ್ ಆಮ್ಲವು ಚರ್ಮವನ್ನು ಸುಡುತ್ತದೆ, ಆಲ್ಕೋಹಾಲ್ ಬೆಂಕಿಗೆ ಹತ್ತಿಕೊಳ್ಳುತ್ತದೆ. ಇವೆರಡನ್ನೂ ಬೆರೆಸುವ ಕೆಲಸ ಶಿಕ್ಷಕರದು, ಅದೂ ಸ್ಪಿರಿಟ್ ದೀಪದಿಂದ ದೂರದಲ್ಲಿ.

ಮೆದುಗೊಳಿಸಿ ಬಣ್ಣ ಹಾಕುವುದು

ಸಸ್ಯಕೋಶಗಳು ಒಂದಕ್ಕೊಂದು ಪೆಕ್ಟಿನ್ ಎಂಬ ಅಂಟಿನಿಂದ ಕೂಡಿಕೊಂಡಿರುವುದರಿಂದ, ಆ ಅಂಟು ಸಡಿಲವಾಗದೆ ಬೇರನ್ನು ಎಷ್ಟು ಒತ್ತಿದರೂ ಕೋಶಗಳು ಒಂದರ ಮೇಲೊಂದು ಗುಪ್ಪೆಯಾಗಿಯೇ ಉಳಿಯುತ್ತವೆ. ಇದಕ್ಕೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ ಬೇಕು. ಸಾಂದ್ರ ಆಮ್ಲದ ಸುಮಾರು 8.3 ಮಿಲಿಲೀಟರನ್ನು ನೀರಿಗೆ ನಿಧಾನವಾಗಿ ಸೇರಿಸಿ 100 ಮಿಲಿಲೀಟರ್ ಮಾಡಿಕೊಂಡರೆ ಸಾಕು. ಆಮ್ಲವನ್ನು ನೀರಿಗೆ ಹಾಕಬೇಕು, ಎಂದಿಗೂ ನೀರನ್ನು ಆಮ್ಲಕ್ಕಲ್ಲ. ಆಲ್ಕೋಹಾಲ್‌ನಿಂದ ತೆಗೆದ ಬೇರನ್ನು ನೀರಿನಲ್ಲಿ ತೊಳೆದು, 60 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಈ ಆಮ್ಲದಲ್ಲಿ ಐದರಿಂದ ಹತ್ತು ನಿಮಿಷ ಇಟ್ಟು, ಮತ್ತೆ ತೊಳೆಯಬೇಕು. ಬೇರು ಚೆನ್ನಾಗಿ ಬೆಂದ ಶಾವಿಗೆಯ ಎಳೆಯಷ್ಟು ಮೆತ್ತಗಾದರೆ ಹದ ಬಂದಿದೆ ಎಂದು ತಿಳಿಯಬಹುದು.

ನಂತರ ಬೇರನ್ನು ಸ್ಲೈಡಿನ ಮೇಲಿಟ್ಟು ಎರಡು ಮೂರು ಹನಿ ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣ ಹಾಕಿ, ಐದರಿಂದ ಹತ್ತು ನಿಮಿಷ ಬಿಡಬೇಕು. ನಡುನಡುವೆ ಸ್ಲೈಡನ್ನು ಸ್ಪಿರಿಟ್ ದೀಪದ ಮೇಲೆ ಹಾಯಿಸಬೇಕು, ಆದರೆ ಬಣ್ಣ ಕುದಿಯಬಾರದು. ಸ್ಲೈಡಿನ ತಳವನ್ನು ಮುಂಗೈ ಹಿಂಬದಿಗೆ ತಾಗಿಸಿದಾಗ ಬೆಚ್ಚಗಿರಬೇಕು, ಸುಡಬಾರದು. ಹಳೆಯ ಪ್ರಯೋಗಾಲಯಗಳಲ್ಲಿ ಬಣ್ಣದ ಹನಿಯನ್ನು ತುಕ್ಕು ಹಿಡಿದ ಸೂಜಿಯಿಂದ ಕಲಕುವ ಪದ್ಧತಿಯಿತ್ತು. ನೋಡಿದವರಿಗೆ ಅಶಿಸ್ತಿನಂತೆ ಕಂಡರೂ ಅದು ತಿಳಿದೇ ಮಾಡುತ್ತಿದ್ದ ಕೆಲಸ, ಏಕೆಂದರೆ ಕಬ್ಬಿಣದ ಅಂಶವು ಕಾರ್ಮಿನ್ ಬಣ್ಣವನ್ನು ವರ್ಣತಂತುಗಳಿಗೆ ಕಚ್ಚಿಸುತ್ತದೆ.

ಬಣ್ಣ ಹಿಡಿದ ಬೇರಿನಲ್ಲಿ ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಗಾಢ ಕೆಂಪಾಗಿ ಕಾಣುತ್ತದೆ. ಅದನ್ನು ಬ್ಲೇಡಿನಿಂದ ಬೇರ್ಪಡಿಸಿ, ಉಳಿದುದನ್ನು ಮನಸ್ಸು ಗಟ್ಟಿಮಾಡಿ ಎಸೆಯಬೇಕು. 'ಇಷ್ಟು ಚಿಕ್ಕ ಚೂರು ಸಾಕೇ ಸರ್' ಎಂದು ಪ್ರತಿ ತಂಡದಲ್ಲಿ ಒಬ್ಬರಾದರೂ ಕೇಳುತ್ತಾರೆ. ಅದು ಸಾಕು, ಹೆಚ್ಚಾದರೆ ಕೆಡುತ್ತದೆ. ಚೂರಿನ ಮೇಲೆ ಹೊಸದಾಗಿ ಒಂದು ಹನಿ ಬಣ್ಣ ಹಾಕಿ, ಕವರ್ ಸ್ಲಿಪ್ಪನ್ನು ಓರೆಯಾಗಿ ಹಿಡಿದು ಗುಳ್ಳೆ ಬರದಂತೆ ಇಳಿಸಬೇಕು. ಪೆನ್ಸಿಲ್ಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿದಂತೆ ಕೆಂಪು ಚುಕ್ಕೆಯು ಮೋಡದಂತೆ ಹರಡಿಕೊಳ್ಳುತ್ತದೆ. ಆಮೇಲೆ ಒತ್ತುಕಾಗದವನ್ನು ಮಡಿಸಿ ಮೇಲಿಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಬೆರಳು ಪಕ್ಕಕ್ಕೆ ಜಾರಿದರೆ ಕೋಶಗಳು ಬತ್ತಿಯಂತೆ ಹೊಸೆದುಹೋಗುತ್ತವೆ. ನನ್ನ ಲೆಕ್ಕದಲ್ಲಿ ಕೆಟ್ಟ ಸ್ಲೈಡುಗಳಲ್ಲಿ ಹೆಚ್ಚಿನವು ಕೆಡುವುದು ಈ ಒಂದು ಕ್ಷಣದಲ್ಲಿಯೇ.

ಕಂಡದ್ದನ್ನು ಗುರುತಿಸುವುದು

ಮೊದಲು ಹತ್ತು ಪಟ್ಟಿನ ವಸ್ತುಮಸೂರದಲ್ಲಿ ನೋಡಿ, ಕೋಶಗಳು ಚೌಕಾಕಾರವಾಗಿ, ಒತ್ತೊತ್ತಾಗಿ, ದೊಡ್ಡ ಕೋಶಕೇಂದ್ರಗಳೊಡನೆ ಇರುವ ಜಾಗವನ್ನು ಹುಡುಕಬೇಕು. ಉದ್ದನೆಯ, ಇಟ್ಟಿಗೆಯಂಥ ಕೋಶಗಳು ಕಂಡರೆ ತುದಿಯಿಂದ ದೂರ ಬಂದಿದ್ದೇವೆ ಎಂದರ್ಥ. ಜಾಗ ಸಿಕ್ಕ ಮೇಲೆ ನಲವತ್ತು ಅಥವಾ ನಲವತ್ತೈದು ಪಟ್ಟಿನ ಮಸೂರಕ್ಕೆ ಹೋಗಬೇಕು.

ಇಂಟರ್‌ಫೇಸ್‌ನ, ಅಂದರೆ ಎರಡು ವಿಭಜನೆಗಳ ನಡುವಿನ ಹಂತದ, ಕೋಶದಲ್ಲಿ ಕೋಶಕೇಂದ್ರವು ದುಂಡಗೆ, ಅಂಚು ಸ್ಪಷ್ಟವಾಗಿ, ಒಳಗೆ ನುಣ್ಣನೆಯ ಪುಡಿ ತುಂಬಿದಂತೆ ಕಾಣುತ್ತದೆ. ಪ್ರೋಫೇಸ್‌ನಲ್ಲಿ ಆ ಪುಡಿ ಎಳೆಯಾಗಿ, ಸಿಕ್ಕುಬಿದ್ದ ನೂಲಿನ ಉಂಡೆಯಂತಾಗುತ್ತದೆ. ಈ ವಿಭಜನೆಗೆ ಮೈಟಾಸಿಸ್ ಎಂಬ ಹೆಸರು ಬಂದದ್ದು ಈ ಎಳೆಗಳಿಂದಲೇ. ಜರ್ಮನಿಯ ವಾಲ್ಟರ್ ಫ್ಲೆಮ್ಮಿಂಗ್ ಸಾಲಮ್ಯಾಂಡರ್ ಎಂಬ ಉಭಯವಾಸಿಯ ಮರಿಗಳ ಕೋಶಗಳಿಗೆ ಬಣ್ಣ ಹಾಕಿ ನೋಡಿ, 1882ರಲ್ಲಿ ತನ್ನ ಕೆಲಸವನ್ನು ಗ್ರಂಥವಾಗಿ ಪ್ರಕಟಿಸಿದ. ಮಿಟೋಸ್ ಎಂಬ ಗ್ರೀಕ್ ಪದಕ್ಕೆ ನೂಲು ಎಂಬ ಅರ್ಥವಿದೆ, ಮಗ್ಗದ ಹಾಸಿನ ಎಳೆಗೂ ಅದೇ ಪದ ಸಲ್ಲುತ್ತದೆ. ಮೊಳಕಾಲ್ಮುರಿನ ಮಗ್ಗದ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಣತಂತುಗಳನ್ನು ಎಳೆಯುವ ವ್ಯವಸ್ಥೆಗೆ ಕನ್ನಡದಲ್ಲಿ ಕದಿರು ಎಂದಿರುವುದೂ ನೂಲುವ ಕೆಲಸದಿಂದ ಬಂದ ಮಾತೇ. ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯಲ್ಲಿ ಹಿರಿಯರನ್ನು ಕೇಳಿದರೆ ನಡು ದಪ್ಪ, ತುದಿ ಚೂಪು ಎಂದು ಅದರ ಆಕಾರವನ್ನು ಕೈಯಲ್ಲಿಯೇ ತೋರಿಸುತ್ತಾರೆ. ಕದಿರಿನ ಎಳೆಗಳು ಮಾತ್ರ ಈ ಬಣ್ಣಕ್ಕೆ ಕಾಣುವುದಿಲ್ಲ. ಕಂಡೆವೆಂದು ದಾಖಲೆ ಪುಸ್ತಕದಲ್ಲಿ ಬಿಡಿಸುವವರು ಪಠ್ಯಪುಸ್ತಕವನ್ನು ನೋಡಿ ಬಿಡಿಸಿದ್ದಾರೆ ಎಂದು ಪರೀಕ್ಷಕರಿಗೆ ಕೂಡಲೇ ಗೊತ್ತಾಗುತ್ತದೆ.

ಮೆಟಾಫೇಸ್‌ನಲ್ಲಿ ವರ್ಣತಂತುಗಳು ಕೋಶದ ನಡುವೆ ಸಾಲಾಗಿ ನಿಲ್ಲುತ್ತವೆ ಎಂಬುದು ಪುಸ್ತಕದ ಮಾತು. ಹಿಸುಕಿ ಮಾಡಿದ ಸ್ಲೈಡಿನಲ್ಲಿ ಕೋಶಗಳು ಯಾವ ದಿಕ್ಕಿಗಾದರೂ ಮಗುಚಿರಬಹುದು. ಪಕ್ಕದಿಂದ ನೋಡಿದಾಗ ಸಾಲಿನಂತೆ ಕಾಣುವುದು, ಧ್ರುವದ, ಅಂದರೆ ಕದಿರಿನ ತುದಿಯ, ಕಡೆಯಿಂದ ನೋಡಿದಾಗ ನಕ್ಷತ್ರದಂತೆ ಸುತ್ತಲೂ ಹರಡಿ ಕಾಣುತ್ತದೆ. ಎರಡೂ ಮೆಟಾಫೇಸೇ. ವರ್ಣತಂತುಗಳನ್ನು ಎಣಿಸಲು ಹೊರಟವರಿಗೆ ಈ ನಕ್ಷತ್ರವೇ ಅನುಕೂಲ. ಅನಾಫೇಸ್‌ನಲ್ಲಿ ಎರಡು ಗುಂಪುಗಳು ವಿ ಆಕಾರದ ಎಳೆಗಳಾಗಿ ಎದುರು ಬದುರು ಸರಿಯುತ್ತಿರುತ್ತವೆ, ಕದಿರಿನ ಎಳೆ ಹಿಡಿಯುವ ಜಾಗವಾದ ಸೆಂಟ್ರೋಮಿಯರ್ ಇರುವ ಮೂಲೆ ಮುಂದೆ, ಬಾಲಗಳು ಹಿಂದೆ. ಟೆಲೋಫೇಸ್‌ನಲ್ಲಿ ಎರಡು ತುದಿಗಳಲ್ಲಿ ಎರಡು ಮುದ್ದೆಗಳು. ನಡುವೆ ತೆಳುವಾದ ಗೆರೆ ಮೂಡಿದ್ದರೆ ಅದು ಕೋಶಫಲಕ. ಸಸ್ಯಗಳಲ್ಲಿ ಈ ಗೋಡೆ ನಡುವಿನಿಂದ ಹೊರಕ್ಕೆ ಬೆಳೆಯುತ್ತದೆ. ಪ್ರಾಣಿಕೋಶವು ಹೊರಗಿನಿಂದ ಒಳಕ್ಕೆ, ಚೀಲದ ಬಾಯಿಗೆ ದಾರ ಬಿಗಿದಂತೆ ಕಿರಿದಾಗುತ್ತದೆ.

ಎಣಿಕೆಯಿಂದ ಕಾಲಕ್ಕೆ

ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನೊಳಗೆ ಯಾವುದೋ ಒಂದು ಕ್ಷಣದಲ್ಲಿ ಇಣುಕಿ ನೋಡಿದರೆ ದೋಸೆಗಾಗಿ ಕಾಯುತ್ತಿರುವವರು ಹೆಚ್ಚಾಗಿಯೂ ತಿನ್ನುತ್ತಿರುವವರು ಕಡಿಮೆಯಾಗಿಯೂ ಕಂಡರೆ, ಕಾಯುವುದಕ್ಕೆ ಹೆಚ್ಚು ಹೊತ್ತು, ತಿನ್ನುವುದಕ್ಕೆ ಕಡಿಮೆ ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ನೋಡದೆಯೇ ಹೇಳಬಹುದು. ಸ್ಲೈಡಿನ ಲೆಕ್ಕವೂ ಇದೇ. ಒಂದು ಹಂತದಲ್ಲಿ ಕಾಣುವ ಕೋಶಗಳ ಪಾಲು, ಚಕ್ರದಲ್ಲಿ ಆ ಹಂತವು ಹಿಡಿಯುವ ಕಾಲದ ಪಾಲಿಗೆ ಹೆಚ್ಚುಕಡಿಮೆ ಸಮ.

ತಿಳಿಯಲೆಂದು ಒಂದು ಲೆಕ್ಕ ಮಾಡೋಣ. ಎಣಿಸಿದ 400 ಕೋಶಗಳಲ್ಲಿ ಇಂಟರ್‌ಫೇಸ್‌ನವು 352, ಪ್ರೋಫೇಸ್ 30, ಮೆಟಾಫೇಸ್ 6, ಅನಾಫೇಸ್ 4, ಟೆಲೋಫೇಸ್ 8 ಎಂದಿಟ್ಟುಕೊಳ್ಳಿ. ವಿಭಜನೆಯಲ್ಲಿರುವವು ಒಟ್ಟು 48. ಇದನ್ನು 400ರಿಂದ ಭಾಗಿಸಿದರೆ ಶೇಕಡ 12 ಬರುತ್ತದೆ, ಇದೇ ಮೈಟಾಟಿಕ್ ಸೂಚ್ಯಂಕ. ಇಡೀ ಚಕ್ರಕ್ಕೆ 20 ಗಂಟೆ, ಅಂದರೆ 1200 ನಿಮಿಷ ಎಂದು ಹಿಡಿದರೆ, ಪ್ರೋಫೇಸ್‌ಗೆ 90 ನಿಮಿಷ, ಮೆಟಾಫೇಸ್‌ಗೆ 18, ಅನಾಫೇಸ್‌ಗೆ 12, ಟೆಲೋಫೇಸ್‌ಗೆ 24 ನಿಮಿಷ ಸಿಗುತ್ತದೆ; ಉಳಿದ ಹದಿನೇಳೂವರೆ ಗಂಟೆಗೂ ಹೆಚ್ಚು ಕಾಲ ಇಂಟರ್‌ಫೇಸ್. ಅನಾಫೇಸ್ ಏಕೆ ಹುಡುಕಿದರೂ ಸಿಗುವುದಿಲ್ಲ ಎಂಬ ದೂರಿಗೆ ಉತ್ತರ ಇಲ್ಲಿದೆ. ಎಣಿಸುವಾಗ ಚೆಂದದ ಕೋಶಗಳನ್ನು ಮಾತ್ರ ಆರಿಸದೆ, ಕಣ್ಣಿಗೆ ಬಿದ್ದ ವೃತ್ತದಲ್ಲಿರುವ ಎಲ್ಲ ಕೋಶಗಳನ್ನೂ ಎಣಿಸಿ, ಆಮೇಲೆ ಇನ್ನೊಂದು ವೃತ್ತಕ್ಕೆ ಹೋಗಬೇಕು. ಇಷ್ಟಾದರೂ ಇದು ಅಂದಾಜೇ: ಒಂದು ಕೋಶ ಎರಡಾಗುತ್ತಲೇ ಇರುವ ಅಂಗಾಂಶದಲ್ಲಿ ಎಳೆಯ ಕೋಶಗಳ ಪಾಲು ಸ್ವಲ್ಪ ಹೆಚ್ಚಿರುತ್ತದೆ.

ಇಂಟರ್‌ಫೇಸ್‌ನಲ್ಲಿ ಕಾಣುವುದು ಏನೂ ಇಲ್ಲವಾದ್ದರಿಂದ ಅದನ್ನು ವಿಶ್ರಾಂತಿಯ ಹಂತ ಎಂದು ಬಹುಕಾಲ ಕರೆದರು. ಅಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ಬ್ರಾಡ್ ಬೀನ್ ಗಿಡದ ಬೇರುಗಳಿಗೆ ವಿಕಿರಣಶೀಲ ರಂಜಕವನ್ನು ಉಣಿಸಿ, ಡಿಎನ್‌ಎ ತಯಾರಾಗುವುದು ಇಂಟರ್‌ಫೇಸ್‌ನ ನಡುವಿನ ಒಂದು ನಿರ್ದಿಷ್ಟ ಅವಧಿಯಲ್ಲಿ ಮಾತ್ರ ಎಂದು 1953ರಲ್ಲಿ ತೋರಿಸಿದರು. ಆ ಅವಧಿಯೇ ಎಸ್ ಹಂತ. ಅದರ ಹಿಂದಿನದು ಜಿ1, ಮುಂದಿನದು ಜಿ2. ವಿಭಜನೆಯನ್ನು ನಿಲ್ಲಿಸಿ ಜಿ1ರಿಂದ ಪಕ್ಕಕ್ಕೆ ಸರಿದ ಕೋಶಗಳು ಜಿ0ದಲ್ಲಿವೆ ಎನ್ನುತ್ತೇವೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕೋಶವು ಸುಮಾರು 24 ಗಂಟೆಗೊಮ್ಮೆ ವಿಭಜನೆಯಾಗುತ್ತದೆ, ಅದರಲ್ಲಿ ಮೈಟಾಸಿಸ್‌ಗೆ ಹಿಡಿಯುವುದು ಒಂದು ಗಂಟೆಯಷ್ಟೇ.

ಟಿಚ್ ಬಟನ್ನಿನ ಲೆಕ್ಕ

ಮೊದಲು ಕೇಳಿದ ಪ್ರಶ್ನೆಗೆ ಬರೋಣ. ದರ್ಜಿ ಸಾಮಾನಿನ ಅಂಗಡಿಯಿಂದ ಟಿಚ್ ಬಟನ್‌ಗಳನ್ನೂ ಹೊಲಿಗೆ ದಾರವನ್ನೂ ತಂದು, ಬಟನ್ನಿನ ಪ್ರತಿ ಬಿಲ್ಲೆಗೂ ಒಂದೊಂದು ದಾರ ಪೋಣಿಸಬೇಕು. ಬಟನ್ ಸೆಂಟ್ರೋಮಿಯರ್, ದಾರ ಡಿಎನ್‌ಎ. ಜಿ1ರಲ್ಲಿ ದಾರವಿರುವ ಒಂದು ಬಿಲ್ಲೆಯೇ ಒಂದು ವರ್ಣತಂತು. ಎಸ್ ಹಂತದಲ್ಲಿ ಅದರ ನಕಲು ತಯಾರಾಗಿ, ಎರಡು ಬಿಲ್ಲೆಗಳು ಟಿಚ್ ಎಂದು ಕೂಡಿಕೊಳ್ಳುತ್ತವೆ. ಈಗ ದಾರ ಎರಡು, ಅಂದರೆ ಕ್ರೊಮ್ಯಾಟಿಡ್ ಎರಡು. ಆದರೆ ಬಟನ್ ಕೂಡಿರುವವರೆಗೆ ವರ್ಣತಂತು ಒಂದೇ. ಅನಾಫೇಸ್‌ನಲ್ಲಿ ಬಟನ್ ಬಿಚ್ಚುತ್ತದೆ, ಬಿಚ್ಚಿದ ಕ್ಷಣದಿಂದ ಪ್ರತಿ ಬಿಲ್ಲೆಯೂ ಒಂದು ವರ್ಣತಂತು. ಬಟನ್ ಎಣಿಸಿ ವರ್ಣತಂತು ಹೇಳಿ, ದಾರ ಎಣಿಸಿ ಡಿಎನ್‌ಎ ಹೇಳಿ ಎಂದು ನಾನು ಹೇಳುವುದುಂಟು.

ಇದನ್ನು ಈರುಳ್ಳಿಗೆ ಅನ್ವಯಿಸಿದರೆ, ಜಿ1ರಲ್ಲಿ 16 ವರ್ಣತಂತುಗಳು, 16 ಡಿಎನ್‌ಎ ಅಣುಗಳು. ಜಿ2ರಲ್ಲಿಯೂ ಮೆಟಾಫೇಸ್‌ನಲ್ಲಿಯೂ ವರ್ಣತಂತುಗಳು 16, ಕ್ರೊಮ್ಯಾಟಿಡ್‌ಗಳು 32. ಅನಾಫೇಸ್‌ನಲ್ಲಿ ಇಡೀ ಕೋಶದಲ್ಲಿ 32 ವರ್ಣತಂತುಗಳು, ಒಂದೊಂದು ಧ್ರುವದ ಕಡೆಗೆ 16. ಟೆಲೋಫೇಸ್ ಮುಗಿದ ಮೇಲೆ ಒಂದೊಂದು ಕೋಶಕೇಂದ್ರದಲ್ಲಿ ಮತ್ತೆ 16. ಡಿಎನ್‌ಎ ಪ್ರಮಾಣ ಇಮ್ಮಡಿಯಾಗುವುದು ಎಸ್ ಹಂತದಲ್ಲಿ, ವರ್ಣತಂತುಗಳ ಸಂಖ್ಯೆ ಇಮ್ಮಡಿಯಾಗುವುದು ಅನಾಫೇಸ್‌ನಲ್ಲಿ. ಪ್ರವೇಶ ಪರೀಕ್ಷೆಗಳಲ್ಲಿ ಜಾರುವವರು ಜಾರುವುದು ಇವೆರಡನ್ನೂ ಒಂದೇ ಎಂದುಕೊಂಡಾಗ.

ಬಟನ್ ಬಿಚ್ಚಿದರೂ ಎಳೆಯುವವರಿಲ್ಲದಿದ್ದರೆ ಏನಾಗುತ್ತದೆ? ಕೊಲ್ಚಿಸಿನ್ ಎಂಬ ರಾಸಾಯನಿಕವು ಕದಿರು ಕಟ್ಟದಂತೆ ತಡೆಯುತ್ತದೆ; ಆಗ ವರ್ಣತಂತುಗಳು ಧ್ರುವಗಳಿಗೆ ಸರಿಯದೆ ಒಂದೇ ಕೋಶದಲ್ಲಿ ಉಳಿದುಬಿಡುತ್ತವೆ. ಬೇಲಿಗಳಲ್ಲಿ ಹಬ್ಬಿ ಕೆಂಪು ಹಳದಿ ಹೂ ಬಿಡುವ ಅಗ್ನಿಶಿಖೆಯ ಗಡ್ಡೆ ವಿಷವಾಗಿರುವುದಕ್ಕೆ ಈ ಕೊಲ್ಚಿಸಿನ್ ಕಾರಣ, ಆದ್ದರಿಂದ ಅದನ್ನು ಪ್ರಯೋಗಕ್ಕೆಂದು ಕೀಳಲು ಹೋಗಬಾರದು. ಸ್ವೀಡನ್ನಿನ ಆಲ್ಬರ್ಟ್ ಲೆವಾನ್ 1938ರಲ್ಲಿ ಈರುಳ್ಳಿ ಬೇರುಗಳ ಮೇಲೆಯೇ ಕೊಲ್ಚಿಸಿನ್‌ನ ಪರಿಣಾಮವನ್ನು ವಿವರಿಸಿದ. ಹದಿನೆಂಟು ವರ್ಷಗಳ ನಂತರ, 1956ರಲ್ಲಿ, ಜೋ ಹಿನ್ ಟಿಯೋ ಮತ್ತು ಇದೇ ಲೆವಾನ್ ಮನುಷ್ಯನ ವರ್ಣತಂತುಗಳು ಅಲ್ಲಿಯವರೆಗೆ ನಂಬಿದ್ದಂತೆ 48 ಅಲ್ಲ, 46 ಎಂದು ಪ್ರಕಟಿಸಿದರು. ಅವರ ಕೆಲಸದಲ್ಲಿಯೂ ಕೊಲ್ಚಿಸಿನ್ ಇತ್ತು, ಹಿಸುಕುವ ಹೆಬ್ಬೆರಳೂ ಇತ್ತು.

ಮಿಯಾಸಿಸ್ ನೋಡಬೇಕೆನ್ನುವವರಿಗೆ

ಮಿಯಾಸಿಸ್ ಎಂದರೆ ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ, ಎರಡು ಸುತ್ತಿನ ವಿಭಜನೆ. ಅದಕ್ಕೆ ಬೇರು ಸಾಲದು, ಹೂವೇ ಬೇಕು. ಬೀಜಕ್ಕಾಗಿ ಗಡ್ಡೆ ನೆಟ್ಟ ಹೊಲದಲ್ಲಿ ಚೆಂಡಿನಂಥ ಹೂಗೊಂಚಲು ಬಿರಿಯುವ ಮೊದಲು, ರೈತರನ್ನು ಕೇಳಿ ಒಂದನ್ನು ಕೊಯ್ದು, ಮೇಲೆ ಹೇಳಿದ ದ್ರಾವಣದಲ್ಲಿಯೇ ಒಂದು ದಿನ ಇಡಬೇಕು. ಒಂದೇ ಗೊಂಚಲಿನಲ್ಲಿ ಬೇರೆ ಬೇರೆ ವಯಸ್ಸಿನ ಮೊಗ್ಗುಗಳು ಇರುವುದು ದೊಡ್ಡ ಅನುಕೂಲ. ತೀರ ಚಿಕ್ಕ ಮೊಗ್ಗಿನಿಂದ ಆರಂಭಿಸಿ, ಸೂಜಿಯಿಂದ ಪರಾಗಕೋಶವನ್ನು ಹೊರತೆಗೆದು, ಅಸಿಟೋಕಾರ್ಮಿನ್‌ನಲ್ಲಿ ಜಜ್ಜಿ, ಸಿಪ್ಪೆಯ ಚೂರುಗಳನ್ನು ತೆಗೆದುಹಾಕಿ ಕವರ್ ಸ್ಲಿಪ್ ಹಾಕಬೇಕು. ಆಮ್ಲದಲ್ಲಿ ಮೆದುಗೊಳಿಸುವ ಅಗತ್ಯವಿಲ್ಲ. ಕೊಯ್ಯುವಾಗಲೇ ಪರಾಗಕೋಶ ಹಳದಿಗೆ ತಿರುಗಿದ್ದರೆ ವಿಭಜನೆ ಮುಗಿದು ಪರಾಗ ತಯಾರಾಗಿದೆ ಎಂದರ್ಥ, ಅದಕ್ಕಿಂತ ಎಳೆಯ ಮೊಗ್ಗಿಗೆ ಹೋಗಬೇಕು. ಅದೃಷ್ಟವಿದ್ದರೆ ವರ್ಣತಂತುಗಳ ಎಂಟು ಜೋಡಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಒಂದೊಂದು ಜೋಡಿಯೂ ಎರಡು ಬಟನ್, ನಾಲ್ಕು ದಾರ. ಮೊದಲ ಅನಾಫೇಸ್‌ನಲ್ಲಿ ಬಟನ್ ಬಿಚ್ಚುವುದಿಲ್ಲ, ಜೋಡಿ ಮಾತ್ರ ಬೇರಾಗಿ ಎಂಟೆಂಟು ವರ್ಣತಂತುಗಳು ಆಚೀಚೆ ಹೋಗುತ್ತವೆ. ಬಟನ್ ಬಿಚ್ಚುವುದು ಎರಡನೆಯ ಅನಾಫೇಸ್‌ನಲ್ಲಿ. ನಾಲ್ಕು ಪುಟ್ಟ ಕೋಶಗಳು ಒಂದೇ ಪೊರೆಯೊಳಗೆ ಅಂಟಿಕೊಂಡು ಕುಳಿತಿರುವುದು ಕಂಡರೆ, ಒಂದೊಂದರಲ್ಲಿಯೂ ಎಂಟು ವರ್ಣತಂತು ಎಂದು ಬರೆದು, ಅದಕ್ಕಿಂತ ತುಸು ಚಿಕ್ಕ ಮೊಗ್ಗಿನಿಂದ ಮತ್ತೊಂದು ಸ್ಲೈಡ್ ಮಾಡಿ ನೋಡಿ.